ಜೂಡೋದ ಮೊದಲ ಪಾಠ: ಬೀಳುವುದು ಹೇಗೆ?

ಜೂಡೋ ಕಲಿಯಲು ಸೇರಿದ ಮೊದಲ ಕೆಲವು ವಾರ ನಾನು ಯಾರನ್ನೂ ಎಸೆಯಲಿಲ್ಲ. ದಿನಾ ಬೀಳುವುದೇ ಕೆಲಸ. ಜಪಾನಿನಲ್ಲಿ ಇದಕ್ಕೆ ಉಕೆಮಿ ಎನ್ನುತ್ತಾರೆ: ಬಂದ ಪೆಟ್ಟನ್ನು ಇಡೀ ಮೈಯಿಂದ ಬರಮಾಡಿಕೊಳ್ಳುವುದು.

ಜೂಡೋದ ಹುಟ್ಟೇ ಇದಕ್ಕೆ ಕಾರಣ ಹೇಳುತ್ತದೆ. ಹುಡುಗನಾಗಿದ್ದಾಗ ಬಲಿಷ್ಠ ಸಹಪಾಠಿಗಳ ಕಾಟಕ್ಕೆ ಬೇಸತ್ತ ಜೂಡೋದ ಸ್ಥಾಪಕ ಜಿಗೊರೊ ಕಾನೊ, ಮುಂದೆ ಜಪಾನಿನ ಹಳೆಯ ಸೆಣಸಾಟದ ಕಲೆಯಾದ ಜುಜುತ್ಸುವಿನ ಎರಡು ಪರಂಪರೆಗಳನ್ನು ಕಲಿತರು. 1882ರಲ್ಲಿ ಟೋಕಿಯೊದ ಎಯ್ಶೋಜಿ ಬೌದ್ಧ ಮಂದಿರದಲ್ಲಿ, 12 ತತಾಮಿ ಚಾಪೆ ಹಿಡಿಸುವ ಕೋಣೆಯಲ್ಲಿ ಕೊಡೊಕಾನ್ ಎಂಬ ತಮ್ಮ ಜೂಡೋ ಶಾಲೆ ತೆರೆದಾಗ ಅವರಿಗಿನ್ನೂ 21 ವರ್ಷ. ಜೀವಕ್ಕೆ ಎರವಾಗುವ ಪಟ್ಟುಗಳನ್ನು ಸೆಣಸಾಟದಿಂದ ಹೊರಗಿಟ್ಟು, ಪೂರ್ತಿ ಬಲ ಹಾಕಿ ಎಸೆಯುವುದಕ್ಕೆ ಅವಕಾಶ ಕೊಟ್ಟರು. ಬಿದ್ದವನು ಎದ್ದು ನಿಂತು ಮತ್ತೆ ಎದುರಾಳಿಯ ಅಂಗಿ ಹಿಡಿಯುವಂತಿದ್ದರೆ ಮಾತ್ರ ಆ ಅಭ್ಯಾಸ ನಡೆದೀತು. ಅದಕ್ಕೇ ಬೀಳುವುದು ಮೊದಲು.

ಹಿಂದಕ್ಕೆ ಬೀಳುವ ಉಶಿರೊ ಉಕೆಮಿಯಿಂದ ಆರಂಭಿಸಿ. ದಪ್ಪ ಮ್ಯಾಟ್ ಬೇಕೇ ಬೇಕು. ಟೈಲ್ಸ್ ನೆಲದ ಮೇಲೆ ಜಮಖಾನ ಹಾಸಿದರೆ ಸಾಲದು. ಕತ್ತು, ಬೆನ್ನಿನ ತೊಂದರೆ ಅಥವಾ ಮೂಳೆ ಸವೆತ ಇದ್ದವರು ವೈದ್ಯರನ್ನು ಕೇಳದೆ ಇಳಿಯಬೇಡಿ.

ಮೊದಲು ಅಂಗಾತ ಮಲಗಿ. ಗಲ್ಲವನ್ನು ಎದೆಯತ್ತ ತಂದು ನಿಮ್ಮ ಸೊಂಟಪಟ್ಟಿಯ ಗಂಟನ್ನೇ ನೋಡಿ. ತಲೆಯ ಹಿಂಭಾಗ ಚಾಪೆಗೆ ತಾಗಲೇಬಾರದು. ಇಡೀ ಪಾಠದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಈಗ ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ, ಮೈಯಿಂದ 30–45 ಡಿಗ್ರಿ ದೂರದಲ್ಲಿ ಚಾಪೆಗೆ ಬಡಿಯಿರಿ. ಅಂಗೈ ಕೆಳಮುಖವಾಗಿರಲಿ, ಅಂಗೈಯಿಂದ ತೋಳಿನವರೆಗೆ ಒಟ್ಟಿಗೆ ತಾಗಲಿ. ಮೊಣಕೈ ಮೊದಲು ತಾಗಿದರೆ ನೋವು ಅದಕ್ಕೇ. ಬಡಿಯುವಾಗ ಉಸಿರು ಬಿಡಿ. ಈ ಬಡಿತ ಪೆಟ್ಟನ್ನು ಅಗಲಕ್ಕೆ ಹಂಚುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೀಳುವಾಗ ಕೈಯನ್ನು ಹಿಂದಕ್ಕೆ ಊರುವ ಚಾಳಿಯನ್ನು ಬಿಡಿಸುತ್ತದೆ. ಮಣಿಕಟ್ಟು, ಭುಜದ ಎಲುಬು ಮುರಿಯುವುದು ಹೆಚ್ಚಾಗಿ ಹಾಗೆ ಊರಿದಾಗಲೇ.

ಕೈ ಪಳಗಿದ ಮೇಲೆ ಕುಳಿತು ಹಿಂದಕ್ಕೆ ಉರುಳಿ. ಬೆನ್ನನ್ನು ಒರಳಿನ ಗುಂಡಿನಂತೆ ದುಂಡಗೆ ಮಾಡಿ: ಮೊದಲು ಪೃಷ್ಠ, ಆಮೇಲೆ ಸೊಂಟ, ಆಮೇಲೆ ಬೆನ್ನಿನ ಮೇಲ್ಭಾಗ. ಬೆನ್ನು ಚಾಪೆಗೆ ಒತ್ತುವ ಕ್ಷಣದಲ್ಲೇ ಕೈ ಬಡಿಯಬೇಕು. ಪಟಾರ್ ಎಂದು ಒಂದೇ ಸದ್ದು ಕೇಳಿದರೆ ಹೊಂದಿಕೆ ಸರಿಯಿದೆ. ಎರಡು ಸದ್ದು ಬಂದರೆ ಕೈ ತಡವಾಗಿದೆ. ಅದು ಹಿಡಿತಕ್ಕೆ ಬಂದಮೇಲೆ ಕುಕ್ಕರಗಾಲಿನಿಂದ, ಕೊನೆಗೆ ನಿಂತಲ್ಲಿಂದ. ನಿಂತು ಬೀಳುವಾಗಲೂ ಮೊದಲು ಮಂಡಿ ಮಡಿಸಿ ಕುಕ್ಕರಿಸಿಯೇ ಉರುಳಬೇಕು. ಆಗ ಬೀಳುವ ಎತ್ತರ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಪಕ್ಕಕ್ಕೆ ಬೀಳುವ ಯೋಕೊ ಉಕೆಮಿಯಲ್ಲಿ ಬಡಿಯುವುದು ಬಿದ್ದ ಕಡೆಯ ಒಂದೇ ಕೈ, ಉಳಿದದ್ದೆಲ್ಲ ಹಾಗೆಯೇ.

ಮುಂದಕ್ಕೆ ಉರುಳುವುದನ್ನು ಮಾತ್ರ ಓದಿ ಕಲಿಯಬೇಡಿ. ಅಲ್ಲಿ ಮೈಭಾರ ಒಂದು ಭುಜದಿಂದ ಎದುರು ಸೊಂಟಕ್ಕೆ ಓರೆಯಾಗಿ ಹರಿಯಬೇಕು. ಸ್ವಲ್ಪ ನೆಟ್ಟಗಾದರೂ ಭಾರವೆಲ್ಲ ಕತ್ತಿನ ಮೇಲೆ. ಗುರು ಪಕ್ಕದಲ್ಲಿ ಮಂಡಿಯೂರಿ ಕೂತು, ನಿಮ್ಮ ತಲೆಯ ಹಿಂದೆ ಅಂಗೈಯಿಟ್ಟು ಮೊದಲ ಹತ್ತಿಪ್ಪತ್ತು ಸಲ ಉರುಳಿಸಲಿ.