ಎಕ್ಸ್‌ಎಸ್‌ಎಲ್‌ಟಿ ಔಟ್‌ಪುಟ್‌ನಲ್ಲಿ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆ: ಸರಿಪಡಿಸಿದ ಬಗೆ

ದಾವಣಗೆರೆಯ ಮಂಡಿಯೊಂದರ ಎಕ್ಸ್‌ಎಂಎಲ್ ಬಿಲ್‌ಗಳನ್ನು ವಿಂಡೋಸ್‌ನಲ್ಲಿ, ಜಾವಾ 8ರಲ್ಲಿ, ಎಕ್ಸ್‌ಎಸ್‌ಎಲ್‌ಟಿ (ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ಬದಲಿಸುವ ಭಾಷೆ) ಬಳಸಿ ಎಚ್‌ಟಿಎಂಎಲ್‌ಗೆ ಬದಲಿಸಿದರೆ ‘ಮೆಕ್ಕೆಜೋಳ’ ಇರಬೇಕಾದ ಕಡೆ ‘?????????’ ಬರುತ್ತಿತ್ತು. 4 ಅಕ್ಷರಕ್ಕೆ 9 ಚಿಹ್ನೆ, ಏಕೆಂದರೆ ಯೂನಿಕೋಡ್‌ನಲ್ಲಿ ಗುಣಿತ, ಒತ್ತುಗಳಿಗೂ ಬೇರೆ ಸಂಕೇತ.

ಕಾರಣ ಫೈಲ್‌ರೈಟರ್, ಅಂದರೆ ಫೈಲ್‌ಗೆ ಪಠ್ಯ ಬರೆಯುವ ಜಾವಾ ಕ್ಲಾಸ್. ಜಾವಾ 18ಕ್ಕಿಂತ ಮೊದಲು ಅದು ಸಿಸ್ಟಮ್‌ನ ಎನ್‌ಕೋಡಿಂಗನ್ನೇ (ಅಕ್ಷರಗಳನ್ನು ಬೈಟ್‌ಗಳಾಗಿಸುವ ಕ್ರಮ) ಹಿಡಿಯುತ್ತದೆ; ಅದರಲ್ಲಿ ಕನ್ನಡ ಇಲ್ಲದಿದ್ದರೆ ‘?’ ಬರುತ್ತದೆ. ಸ್ಟೈಲ್‌ಶೀಟ್‌ನಲ್ಲಿ (ಎಕ್ಸ್‌ಎಸ್‌ಎಲ್‌ಟಿ ಫೈಲ್‌ನಲ್ಲಿ) ಯುಟಿಎಫ್-8 ಎಂದು ಬರೆದಿದ್ದರೂ ಉಪಯೋಗವಿಲ್ಲ. ಔಟ್‌ಪುಟ್ ಎಲ್ಲಿಗೆ ಎಂದು ಹೇಳುವ ಸ್ಟ್ರೀಮ್‌ರಿಸಲ್ಟ್‌ಗೆ ಫೈಲ್‌ರೈಟರ್ ಬದಲು, ಬೈಟ್‌ಗಳನ್ನೇ ಬರೆಯುವ ಫೈಲ್‌ಔಟ್‌ಪುಟ್‌ಸ್ಟ್ರೀಮ್ ಕೊಟ್ಟ ಕೂಡಲೇ ಕನ್ನಡ ಸರಿಯಾಗಿ ಬಂತು. ಓದುವ ಕಡೆಯೂ ರೀಡರ್ ಬೇಡ, ಇನ್‌ಪುಟ್‌ಸ್ಟ್ರೀಮ್ ಕೊಡಿ. ಆಗ ಮಾತ್ರ ಪಾರ್ಸರ್ (ಎಕ್ಸ್‌ಎಂಎಲ್ ಓದುವ ಭಾಗ) ಫೈಲ್‌ನ ಮೊದಲ ಸಾಲಿನ ಎನ್‌ಕೋಡಿಂಗ್ ನೋಡಿ ಬೈಟ್‌ಗಳನ್ನು ಬಿಡಿಸಿಕೊಳ್ಳುತ್ತದೆ.

ಔಟ್‌ಪುಟ್ ಜಿಜಿಪ್ ಮಾಡುವವರು (ಕುಗ್ಗಿಸಿ ಉಳಿಸುವವರು) ಗಮನಿಸಿ: ನಾವು ತೆರೆದ ಸ್ಟ್ರೀಮನ್ನು, ಬದಲಾವಣೆ ನಡೆಸುವ ಟ್ರಾನ್ಸ್‌ಫಾರ್ಮರ್ ಮುಚ್ಚುವುದಿಲ್ಲ. ಕ್ಲೋಸ್ ಆಗದಿದ್ದರೆ ಕೊನೆಯ ಭಾಗ ಡಿಸ್ಕ್‌ಗೆ ಹೋಗದೆ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಟ್ರೈ ಪದದ ಮುಂದಿನ ದುಂಡು ಆವರಣದೊಳಗೇ ಸ್ಟ್ರೀಮ್ ತೆರೆದರೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ.