ಇಗ್ವಾನಾ ಯಾರ ನೆಂಟ? ಪತ್ತೆ ಹಚ್ಚುವುದು ಹೀಗೆ

ಇಗ್ವಾನಾ ಅನ್ನುವ ದೊಡ್ಡ ಹಲ್ಲಿಯ ಫೋಟೊ ನೋಡಿದವರು 'ಇದೇನು, ದೊಡ್ಡ ಓತಿಕ್ಯಾತನಾ?' ಅಂತ ಕೇಳುವುದುಂಟು. ಪೂರ್ತಿ ತಪ್ಪಲ್ಲ. ನೆಂಟಸ್ತನ ಇದೆ, ಆದರೆ ಬಹಳ ದೂರದ್ದು. ಎಷ್ಟು ದೂರ ಅಂತ ನೀವೇ ಬಿಡಿಸಿ ನೋಡಬಹುದು.

ಮೊದಲು ಆಕಾರವನ್ನು ಬದಿಗಿಡಿ. ಆಕಾರ ಸುಳ್ಳು ಹೇಳುತ್ತದೆ. ಅಮೆರಿಕದ ಕೊಂಬಿನ ಹಲ್ಲಿ, ಆಸ್ಟ್ರೇಲಿಯಾದ ಮುಳ್ಳುಹಲ್ಲಿ, ಎರಡರ ಮೈತುಂಬಾ ಮುಳ್ಳು, ಎರಡಕ್ಕೂ ಇರುವೆ ಅಂದರೆ ಪ್ರಾಣ. ಅವಳಿ ಅಂದುಕೊಳ್ಳುತ್ತೀರಿ, ಅಲ್ವಾ? ಆದರೆ ಮೊದಲನೆಯದು ಇಗ್ವಾನಾ ಕಡೆಯದು, ಎರಡನೆಯದು ಓತಿಕ್ಯಾತನ ಕಡೆಯದು.

ಹಾಗಾದರೆ ಏನು ನೋಡಬೇಕು? ಹಲ್ಲು. ತಲೆಬುರುಡೆಯ ಫೋಟೊ ಸಿಕ್ಕರೆ ದವಡೆಯನ್ನು ದೊಡ್ಡದು ಮಾಡಿ ನೋಡಿ. ಇಗ್ವಾನಾದ ಹಲ್ಲು ದವಡೆಯ ಒಳಗೋಡೆಗೆ ಒರಗಿಕೊಂಡಂತೆ ಅಂಟಿರುತ್ತದೆ. ಪುಟ್ಟ ಎಲೆಯ ಹಾಗೆ, ಅಂಚಿನಲ್ಲಿ ಗರಗಸದಂಥ ಕಚ್ಚು. ಸೊಪ್ಪು ಕತ್ತರಿಸುವುದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಹಳೆಯದು ಬಿದ್ದರೆ ಹೊಸದು ಬರುತ್ತಲೇ ಇರುತ್ತದೆ. ಓತಿಕ್ಯಾತ, ಗೋಸುಂಬೆಗಳಲ್ಲಿ ಹಲ್ಲು ದವಡೆಯ ಅಂಚಿನ ಮೇಲೇ ಕೂತಿರುತ್ತದೆ, ಓತಿಕ್ಯಾತನ ಮುಂದಿನ ಕೆಲವನ್ನು ಬಿಟ್ಟರೆ ಉಳಿದವು ಮತ್ತೆ ಹುಟ್ಟುವುದಿಲ್ಲ, ಸುಮ್ನೆ ಸವೆಯುತ್ತಾ ಹೋಗುತ್ತವೆ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಆಮೇಲೆ ಕುಟುಂಬದ ಹೆಸರು. ಇಲ್ಲಿ ಹಳೆ ಪುಸ್ತಕ ನಂಬಬೇಡಿ. ಹಿಂದೆ ಅಮೆರಿಕದ ಅನೋಲ್, ಬ್ಯಾಸಿಲಿಸ್ಕ್ ಎಂಬ ಹಲ್ಲಿಗಳನ್ನೂ ಸೇರಿಸಿ ಎಲ್ಲವನ್ನೂ ಇಗ್ವಾನಿಡೇ ಎಂಬ ಒಂದೇ ಕುಟುಂಬದ ಚೀಲಕ್ಕೆ ತುಂಬಿದ್ದರು. 1989ರಲ್ಲಿ ಫ್ರಾಸ್ಟ್ ಮತ್ತು ಎಥೆರಿಜ್ ಎಂಬ ವಿಜ್ಞಾನಿಗಳು ಅದನ್ನು ಎಂಟು ಕುಟುಂಬಗಳಾಗಿ ಒಡೆದರು. ಈಗ ಇನ್ನೂ ಜಾಸ್ತಿ ಆಗಿವೆ.

ಕೊನೆಗೆ ಡಿಎನ್ಎ. ಹಲ್ಲಿಗಳ ವಂಶವೃಕ್ಷದಲ್ಲಿ ಇಗ್ವಾನಾ ಗುಂಪೇ ಮೊದಲು ಕವಲೊಡೆದದ್ದು ಅಂತ ಮೂಳೆ ನೋಡುವವರು ಬಹಳ ಕಾಲ ಹೇಳುತ್ತಿದ್ದರು. ಡಿಎನ್ಎ ಹೇಳುವ ಕಥೆಯೇ ಬೇರೆ. ಅದರ ಪ್ರಕಾರ ಇಗ್ವಾನಾಕ್ಕೆ ಗೋಡೆಯ ಹಲ್ಲಿಗಿಂತ ಉಡ ಹತ್ತಿರ, ಹಾವು ಕೂಡ ಹತ್ತಿರ! ಜಗಳ ಪೂರ್ತಿ ಮುಗಿದಿಲ್ಲ, ಆದರೆ ನಾನಂತೂ ಡಿಎನ್ಎ ಪರ.

ಈಗ ನಕ್ಷೆ ಬಿಡಿಸಿ. ಇಗ್ವಾನಾಗಳೆಲ್ಲ ಅಮೆರಿಕ, ಕೆರಿಬಿಯನ್, ಗಲಾಪಗೋಸ್ ಕಡೆ ಇದ್ದರೆ ಒಂದು ಕವಲು ಮಾತ್ರ ದೂರದ ಫಿಜಿ, ಟೋಂಗಾದಲ್ಲಿದೆ. ಆ ದೂರದ ಕವಲಿಗೆ ಅತಿ ಹತ್ತಿರದ ನೆಂಟ ಉತ್ತರ ಅಮೆರಿಕದ ಮರುಭೂಮಿ ಇಗ್ವಾನಾ ಅಂತ 2025ರ ಒಂದು ಅಧ್ಯಯನ ಹೇಳಿದೆ. ಅಂದರೆ ಸುಮಾರು 8,000 ಕಿ.ಮೀ. ಸಮುದ್ರವನ್ನು ಗಿಡಮರಗಳ ತೆಪ್ಪದ ಮೇಲೆ ತೇಲಿ ದಾಟಿರಬೇಕು. ನಂಬಿಕೆ ಬರುತ್ತಿಲ್ಲವಾ? 1995ರಲ್ಲಿ ಚಂಡಮಾರುತಗಳ ನಂತರ ಕೆರಿಬಿಯನ್‌ನ ಅಂಗ್ವಿಲಾ ದ್ವೀಪದ ದಡಕ್ಕೆ ಬುಡಮೇಲಾದ ಮರಗಳ ರಾಶಿ ಬಂದು ತಾಗಿತು. ಅದರ ಮೇಲೆ ಕನಿಷ್ಠ 15 ಹಸಿರು ಇಗ್ವಾನಾಗಳಿದ್ದವು. ಅಲ್ಲಿಯವರೆಗೆ ಆ ದ್ವೀಪದಲ್ಲಿ ಈ ಜಾತಿಯದು ಒಂದೂ ಇರಲಿಲ್ಲ.