ನೇರ ಗೆರೆ ಬಿಟ್ಟ ಮೇಲೆ ಲೆಕ್ಕ ಕೂಡಿಬಂತು

ಗ್ಯಾಲಿಯಂ ನೈಟ್ರೈಡ್ ಮೇಲೆ 25 ನ್ಯಾನೋಮೀಟರ್ ದಪ್ಪದ ಅಲ್ಯೂಮಿನಿಯಂ ಗ್ಯಾಲಿಯಂ ನೈಟ್ರೈಡ್ ಪದರ, ಅದರಲ್ಲಿ ಅಲ್ಯೂಮಿನಿಯಂ ಪಾಲು ಶೇ. 25. ಟ್ರಾನ್ಸಿಸ್ಟರ್‌ಗೆಂದು ಬೆಳೆಸಿದ ಸ್ಯಾಂಪಲ್. ಡೋಪಿಂಗ್ (ಎಲೆಕ್ಟ್ರಾನ್ ಕೊಡುವ ಬೇರೆ ಪರಮಾಣು ಬೆರೆಸುವುದು) ಮಾಡಿರಲಿಲ್ಲ, ಇಲ್ಲಿ ಅದು ಬೇಕಾಗುವುದೂ ಇಲ್ಲ. ಎರಡು ಪದರಗಳ ಧ್ರುವೀಕರಣ (ಹರಳಿನೊಳಗೆ ಧನ, ಋಣ ವಿದ್ಯುದಂಶಗಳು ಸರಿದು ನಿಂತಿರುವ ಪ್ರಮಾಣ) ಬೇರೆ ಬೇರೆಯಾದ್ದರಿಂದ ಅವು ಕೂಡುವ ಜಾಗದಲ್ಲಿ ಧನ ವಿದ್ಯುದಂಶ ಉಳಿಯುತ್ತದೆ. ಮೇಲ್ಮೈಯಿಂದ ಎಲೆಕ್ಟ್ರಾನ್‌ಗಳು ಬಂದು ಅಲ್ಲಿ ತೆಳು ಹಾಳೆಯಂತೆ ನಿಲ್ಲುತ್ತವೆ. ಎಷ್ಟು ಬರುತ್ತವೆಂದು ಮೊದಲೇ ಲೆಕ್ಕ ಹಾಕಿಕೊಡುವುದು ನನ್ನ ಪಾಲಿನ ಕೆಲಸ.

ಬರ್ನಾರ್ಡಿನಿ, ಫಿಯೊರೆಂಟಿನಿ, ವ್ಯಾಂಡರ್‌ಬಿಲ್ಟ್ 1997ರಲ್ಲಿ ಕೊಟ್ಟ ಧ್ರುವೀಕರಣದ ಅಂಕಿಗಳನ್ನು ಇಟ್ಟುಕೊಂಡೆ. ಎರಡು ನೈಟ್ರೈಡ್‌ಗಳ (ಗ್ಯಾಲಿಯಂನದು, ಅಲ್ಯೂಮಿನಿಯಂನದು) ಬೆಲೆಗಳ ನಡುವೆ ನೇರ ಗೆರೆ ಎಳೆದು, ಶೇ. 25ರ ಜಾಗದಲ್ಲಿ ಓದಿದೆ. ಕೂಡುವ ಜಾಗದ ವಿದ್ಯುದಂಶ ಚದರ ಸೆಂಟಿಮೀಟರಿಗೆ 1.39×10¹³ ಬಂತು. ಮೇಲ್ಮೈಯ ವಿಭವಕ್ಕಾಗಿ ಸುಮಾರು 0.2×10¹³ ಕಳೆದರೆ 1.2×10¹³ ಎಲೆಕ್ಟ್ರಾನ್ ಸಿಗಬೇಕು.

ಒಂದು ಸೆಂಟಿಮೀಟರ್ ಚೌಕದ ತುಂಡು ಕತ್ತರಿಸಿ, ನಾಲ್ಕು ಮೂಲೆಗೂ ಸಾಸಿವೆಯಷ್ಟು ಇಂಡಿಯಂ ಇಟ್ಟು ಚಿಮಟದಿಂದ ಒತ್ತಿ, ಬಿಸಿ ಮಾಡಿ ಹಾಲ್ ಅಳತೆಗೆ (ಕಾಂತಕ್ಷೇತ್ರದಲ್ಲಿಟ್ಟು ಎಲೆಕ್ಟ್ರಾನ್ ಎಷ್ಟಿವೆಯೆಂದು ತಿಳಿಯುವ ಅಳತೆ) ಕೂರಿಸಿದೆ. 0.86×10¹³ ಬಂತು. ಇಂಡಿಯಂ ಕೆರೆದು ಮತ್ತೆ ಹಚ್ಚಿದೆ. ಅದೇ ಅಂಕಿ.

ಪದರದ ಬಿಗಿತ ಸಡಿಲವಾಗಿ ಧ್ರುವೀಕರಣ ಇಳಿದಿರಬೇಕು ಎಂದು ಅನುಮಾನಪಟ್ಟು, ಬೆಳೆಸಿಕೊಟ್ಟ ಗೆಳೆಯನಿಗೆ ಎರಡು ಸಲ ಮತ್ತೆ ಬೆಳೆಸಲು ಹೇಳಿದೆ. ಅವನು ಬೇಸರಿಸದೆ ಬೆಳೆಸಿಕೊಟ್ಟ. ಆ ಕೆಲಸ ಕೊಟ್ಟದ್ದಕ್ಕೆ ಈಗಲೂ ನನಗೆ ನೋವಿದೆ. ಕೊನೆಗೆ ಎಕ್ಸ್‌-ರೇ ನಕ್ಷೆ ತೆಗೆದಾಗ ಎರಡು ಪದರಗಳ ಚುಕ್ಕೆಗಳು ನೆಟ್ಟಗೆ ಒಂದೇ ಗೆರೆಯ ಮೇಲಿದ್ದವು. ಮೇಲಿನ ಪದರ ಕೆಳಗಿನದರ ಅಳತೆಗೇ ಹಿಗ್ಗಿ ಕೂತಿತ್ತು, ಸಡಿಲವಾಗಿರಲೇ ಇಲ್ಲ. ಅಲ್ಯೂಮಿನಿಯಂ ಪಾಲೂ ಸರಿಯಿತ್ತು. ತಪ್ಪು ನನ್ನ ನೇರ ಗೆರೆಯಲ್ಲಿತ್ತು.

ಫಿಯೊರೆಂಟಿನಿ, ಬರ್ನಾರ್ಡಿನಿ, ಅಂಬಾಕರ್ 2002ರಲ್ಲಿ ಬರೆದದ್ದನ್ನು ಆಗ ಕೂತು ಓದಿದೆ. ಮಿಶ್ರಣದೊಳಗೆ ಅಲ್ಯೂಮಿನಿಯಂ–ಸಾರಜನಕದ ಬಂಧ ಒಂದು ಉದ್ದ, ಗ್ಯಾಲಿಯಂ–ಸಾರಜನಕದ್ದು ಇನ್ನೊಂದು. ಪರಮಾಣುಗಳು ಒಳಗೊಳಗೇ ಸರಿದುಕೊಳ್ಳುತ್ತವೆ, ಹಾಗಾಗಿ ಸಹಜ ಧ್ರುವೀಕರಣ (ಹಿಗ್ಗದೆ ಕುಗ್ಗದೆಯೂ ಇರುವ ಭಾಗ) ಪಾಲಿಗೆ ತಕ್ಕಂತೆ ನೇರವಾಗಿ ಏರದೆ ಬಾಗುತ್ತದೆ. ಪದರ ಹಿಗ್ಗಿದಾಗ, ಕುಗ್ಗಿದಾಗ ಹುಟ್ಟುವ ಪೀಜೋ ಭಾಗವೂ ಆ ಹಿಗ್ಗು-ಕುಗ್ಗಿನ ಅನುಪಾತವಾದ ಸ್ಟ್ರೇನ್‌ಗೆ ನೇರ ಅನುಪಾತದಲ್ಲಿಲ್ಲ. ಗ್ಯಾಲಿಯಂ ನೈಟ್ರೈಡ್‌ಗೆ ಸ್ಟ್ರೇನನ್ನು −0.918ರಿಂದ, ಅದರ ವರ್ಗವನ್ನು 9.541ರಿಂದ ಗುಣಿಸಿ ಕೂಡಬೇಕು. ಉತ್ತರ ಚದರ ಮೀಟರಿಗೆ ಇಷ್ಟು ಕೂಲಂಬ್ ಎಂದು ಸಿಗುತ್ತದೆ. ಅಲ್ಯೂಮಿನಿಯಂ ನೈಟ್ರೈಡ್‌ಗೆ ಮೊದಲ ಗುಣಕ −1.808. ವರ್ಗದ ಗುಣಕ ಮಾತ್ರ ಪದರ ಕುಗ್ಗಿದ್ದರೆ 5.624, ಹಿಗ್ಗಿದ್ದರೆ −7.888. ನಮ್ಮ ಪದರ ಹಿಗ್ಗಿದ್ದು, ನಾನು ಮೊದಲ ಸಲ 5.624 ಹಾಕಿಬಿಟ್ಟಿದ್ದೆ. ಶೇ. 25ರಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಅಲ್ಯೂಮಿನಿಯಂ ಜಾಸ್ತಿಯಾದಂತೆ ಬೆಳೆಯುತ್ತದೆ.

ಕ್ರಮ ಮುಖ್ಯ. ಗುಣಕಗಳನ್ನು ಮೊದಲು ಬೆರೆಸಬಾರದು. ಮಿಶ್ರಣದ ಸ್ಟ್ರೇನ್ ಕಂಡುಹಿಡಿದು (ಇಲ್ಲಿ ಶೇ. 0.6), ಅದೇ ಸ್ಟ್ರೇನ್‌ನಲ್ಲಿ ಎರಡು ನೈಟ್ರೈಡ್‌ಗಳ ಧ್ರುವೀಕರಣವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿ, ಆಮೇಲೆ ಪಾಲಿಗೆ ತಕ್ಕಂತೆ ಬೆರೆಸಬೇಕು. ಸ್ಟ್ರೇನ್ ತೆಗೆಯುವಾಗ ಭಾಗಿಸುವುದು ಪದರದ್ದೇ ಸಹಜ ಅಳತೆಯಿಂದ, ತಳದ ಅಳತೆಯಿಂದಲ್ಲ.

ಹೀಗೆ ಮಾಡಿದಾಗ ಪೀಜೋ ಭಾಗ 0.0092ರಿಂದ 0.0067ಕ್ಕೆ, ಸಹಜ ಧ್ರುವೀಕರಣದ ವ್ಯತ್ಯಾಸ 0.0130ರಿಂದ 0.0101ಕ್ಕೆ ಇಳಿಯಿತು. ಎರಡನ್ನೂ ಕೂಡಿ ಚದರ ಸೆಂಟಿಮೀಟರಿನ ಎಲೆಕ್ಟ್ರಾನ್ ಲೆಕ್ಕಕ್ಕೆ ತಂದರೆ ಒಟ್ಟು 1.05×10¹³, ಮೇಲ್ಮೈಗೆ ಕಳೆದು 0.84×10¹³. ಅಳತೆ 0.86. ರಾತ್ರಿ ಎಂಟೂವರೆಗೆ ಗೆಳೆಯನಿಗೆ ಫೋನ್ ಮಾಡಿ, "ನಿನ್ನ ಪದರದಲ್ಲಿ ಏನೂ ತಪ್ಪಿಲ್ಲ ಮಾರಾಯ" ಅಂದೆ.

ಅದೇ ಹುರುಪಿನಲ್ಲಿ ಎಲ್‌ಇಡಿಯ ಇಂಡಿಯಂ ಗ್ಯಾಲಿಯಂ ನೈಟ್ರೈಡ್ ಪದರಕ್ಕೂ ಲೆಕ್ಕ ಹಾಕಿದೆ, ಇಂಡಿಯಂ ಶೇ. 15. ನೇರ ಗೆರೆಯಿಂದ ಒಟ್ಟು 0.0230, ಬಾಗಿದ ಗೆರೆಯಿಂದ 0.0223. ಇಲ್ಲಿ ಬಾಗಿನ ಪರಿಣಾಮವೇ ಇಲ್ಲವೇನೋ ಎಂದು ಬಿಡಿಸಿ ನೋಡಿದರೆ ಪೀಜೋ ಭಾಗ 0.0235ರಿಂದ 0.0188ಕ್ಕೆ ಇಳಿದಿದೆ, ಸಹಜ ಭಾಗ ಸೊನ್ನೆಯ ಹತ್ತಿರದಿಂದ 0.0035ಕ್ಕೆ ಏರಿದೆ. ಒಂದರ ಇಳಿತವನ್ನು ಇನ್ನೊಂದರ ಏರಿಕೆ ಮುಚ್ಚಿಹಾಕಿತ್ತು. ಅಂದಿನಿಂದ ನನ್ನ ಶೀಟ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಇದೆ.